ಮಕ್ಕಳನ್ನು ನೋಡಲು ಫ್ರಾನ್ಸಿಗೆ ಹೋದಾಗ ಅವರ ಬೀದಿಯ ಹೋಟೆಲಿನಲ್ಲಿ ಊಟ ಮಾಡುವುದು ಹೇಗೆ

ಮಕ್ಕಳು ಓದು, ಕೆಲಸ ಅಂತ ಫ್ರಾನ್ಸಿಗೆ ಹೋಗುವುದು ಚಿಕ್ಕಮಗಳೂರು, ಮೂಡಿಗೆರೆ, ಹಾಸನದ ಕಡೆಯವರಿಗೆ ಈಗ ಹೊಸ ಸುದ್ದಿಯಲ್ಲ. ತುಲೂಸ್‌ನಲ್ಲಿ ಏರ್‌ಬಸ್ ಇದೆ, ಗ್ರೆನೋಬಲ್‌ನಲ್ಲಿ ಚಿಪ್ ಮಾಡುವ ಕಂಪನಿಗಳಿವೆ, ಕಾಲೇಜುಗಳಂತೂ ಎಲ್ಲಾ ದೊಡ್ಡ ಊರಲ್ಲೂ ಇವೆ. ಕಾಫಿ ಕೊಯ್ಲು ಮುಗಿದು ಹೂಮಳೆ ಬಿದ್ದ ಮೇಲೆ, ಒಂದೆರಡು ತಿಂಗಳು ಮಗಳ ಮನೆಯಲ್ಲೋ ಮಗನ ಮನೆಯಲ್ಲೋ ಇದ್ದು ಬರೋಣ ಅಂತ ಅಪ್ಪ ಅಮ್ಮ ಹೊರಡುತ್ತಾರೆ. ಸೂಟ್‌ಕೇಸಿನಲ್ಲಿ ಅರ್ಧ ಭಾಗ ಚಟ್ನಿಪುಡಿ, ಸಾರಿನ ಪುಡಿ, ಅಕ್ಕಿಹಿಟ್ಟು. ತಗೊಂಡು ಹೋಗಿ, ಅದು ಬೇಕು. ಆದರೆ ಅಷ್ಟು ದೂರ ಹೋಗಿ, ಪ್ರತಿದಿನ ಮನೆಯಲ್ಲೇ ಅನ್ನ ಸಾರು ಮಾಡಿಕೊಂಡು, ಮಕ್ಕಳ ಮನೆ ಕೆಳಗೇ ಇರುವ ಪುಟ್ಟ ಹೋಟೆಲಿಗೆ ಒಂದು ದಿನವೂ ಕಾಲಿಡದೆ ವಾಪಸ್ ಬರುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಅವರು ಹೋಗದೆ ಇರುವುದಕ್ಕೆ ಕಾರಣ ಭಯ. ಏನು ಹಾಕಿರುತ್ತಾರೋ, ಹೇಗೆ ಕೇಳುವುದೋ, ನಗುತ್ತಾರೋ ಏನೋ ಅಂತ. ನಮ್ಮ ಮಗಳು ಲಿಯೋನ್ ಊರಿನಲ್ಲಿದ್ದಾಳೆ, ಅಲ್ಲಿ ಹೋಗಿ ಬಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಒಂದೇ ವಿಷಯ: ನೀವು ಏನು ತಿನ್ನುವುದಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡಿ. ಟೇಬಲ್ ಮೇಲೆ ತಟ್ಟೆ ಬಂದ ಮೇಲೆ ಹೇಳಬೇಡಿ, ಟೇಬಲ್ ಬುಕ್ ಮಾಡುವಾಗಲೇ ಹೇಳಿ. ಇದೊಂದು ಸರಿಯಾದರೆ ಮಿಕ್ಕಿದ್ದೆಲ್ಲ ಸುಲಭ.

ಯಾವ ಹೋಟೆಲಿಗೆ

ದೊಡ್ಡ ಚರ್ಚು, ಟವರು, ಮ್ಯೂಸಿಯಂ ಪಕ್ಕದಲ್ಲಿ ಐದಾರು ಭಾಷೆಯ ಮೆನು, ಜೊತೆಗೆ ಊಟದ ಫೋಟೋ ಹಾಕಿರುವ ಕಡೆ ಹೋಗಬೇಡಿ. ಮಕ್ಕಳು ಇರುವ ಬಡಾವಣೆಯಲ್ಲೇ ಹುಡುಕಿ. ಹತ್ತಿಪ್ಪತ್ತು ಟೇಬಲ್ಲು, ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಾಲ್ಕೈದು ಐಟಂ, ಮಧ್ಯಾಹ್ನ ಅಕ್ಕಪಕ್ಕದ ಆಫೀಸಿನವರು ಬಂದು ತುಂಬಿಕೊಳ್ಳುವ ಜಾಗ. ಇಂಥದ್ದನ್ನು ಬಿಸ್ತ್ರೋ ಅನ್ನುತ್ತಾರೆ. ಮೆನು ಚಿಕ್ಕದಿದ್ದಷ್ಟೂ ಒಳ್ಳೆಯದು, ಆವತ್ತಿನ ಸಾಮಾನು ತಂದು ಆವತ್ತೇ ಮಾಡಿರುತ್ತಾರೆ. ಬೆಲೆ ಸಮೇತ ಮೆನುವನ್ನು ಬಾಗಿಲ ಹೊರಗೆ ಹಾಕಲೇಬೇಕು ಅಂತ ಅಲ್ಲಿ ಕಾನೂನಿದೆ. ಹಾಗಾಗಿ ಬೀದಿಯಲ್ಲೇ ನಿಂತು ನಿಧಾನಕ್ಕೆ ಓದಿ, ಮೊಬೈಲಿನಲ್ಲಿ ಅನುವಾದ ನೋಡಿ, ಆಮೇಲೆ ಒಳಗೆ ಹೋಗಬಹುದು. ಒಂದು ಪಾತ್ರೆ, ಅದರ ಮೇಲೆ ಮನೆಯ ಚಾವಣಿ, ಹೀಗೊಂದು ಗುರುತು ಮೆನುವಿನಲ್ಲಿ ಇದೆಯಾ ನೋಡಿ. 2014ರಲ್ಲಿ ಸರ್ಕಾರ ತಂದ ಗುರುತು ಅದು. ಹಸಿ ಸಾಮಾನಿನಿಂದ ಅಲ್ಲೇ ಅಡುಗೆ ಮಾಡಿದ್ದಾರೆ ಅಂತ ಅರ್ಥ, ಫ್ಯಾಕ್ಟರಿ ಪ್ಯಾಕೆಟ್ ಬಿಸಿ ಮಾಡಿ ಕೊಟ್ಟಿದ್ದಲ್ಲ.

ಬ್ರಾಸರಿ ಅಂತ ಬೋರ್ಡ್ ಇದ್ದರೆ ಅದು ಸ್ವಲ್ಪ ದೊಡ್ಡ ಹೋಟೆಲು, ಸಾಮಾನ್ಯವಾಗಿ ದಿನವಿಡೀ ಊಟ ಸಿಗುತ್ತದೆ. ಲಿಯೋನ್‌ನಲ್ಲಿ ಬುಶೋಂ ಅಂತ ಹಳೇ ನಮೂನೆಯ ಹೋಟೆಲುಗಳಿವೆ, ಬಹಳ ಹೆಸರುವಾಸಿ. ಆದರೆ ಅಲ್ಲಿ ಹಂದಿ, ಬೋಟಿ, ಕರುಳಿನದೇ ಅಡುಗೆ ಜಾಸ್ತಿ. ಸಸ್ಯಾಹಾರಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಅವರಿಗೂ ಕಷ್ಟ, ಅಡುಗೆಯವನಿಗೂ ಕಷ್ಟ.

ಮೊದಲ ಸಲ ಹೋಗುವವರಿಗೆ, ಅದರಲ್ಲೂ ಅಜ್ಜಿ ತಾತ ಜೊತೆಗಿದ್ದರೆ, ನಾನು ಹೇಳುವುದು ಕ್ರೆಪರಿಗೆ ಹೋಗಿ ಅಂತ. ಫ್ರಾನ್ಸಿನ ಪಶ್ಚಿಮದ ಬ್ರಿಟನಿ ಕಡೆಯ ಗಲೆಟ್ ಅಲ್ಲಿ ಸಿಗುತ್ತದೆ. ನಮ್ಮ ದೋಸೆಯ ಹಾಗೇ ಕಾವಲಿ ಮೇಲೆ ತೆಳ್ಳಗೆ ಹರಡಿ ಮಾಡುತ್ತಾರೆ, ಹಿಟ್ಟು ಬಕ್‌ವೀಟಿನದು, ಉತ್ತರದವರು ಉಪವಾಸಕ್ಕೆ ಬಳಸುವ ಕುಟ್ಟು. ಒಳಗೆ ಅಣಬೆ, ಚೀಸ್, ಪಾಲಕ್, ಈರುಳ್ಳಿ ಏನು ಬೇಕೋ ಹೇಳಿ ಹಾಕಿಸಿಕೊಳ್ಳಬಹುದು. ಕೋಂಪ್ಲೆತ್ ಅಂತ ಬರೆದಿದ್ದರೆ ಮಾತ್ರ ಅದರಲ್ಲಿ ಹಂದಿಮಾಂಸದ ಹ್ಯಾಮ್, ಮೊಟ್ಟೆ, ಚೀಸ್ ಮೂರೂ ಇರುತ್ತದೆ. ಮೊಟ್ಟೆ ತಿನ್ನದವರು ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅಂತಲೂ ಕೇಳಿ, ಕೆಲವರು ಹಾಕುತ್ತಾರೆ. ಕೊನೆಗೆ ತಿನ್ನುವ ಸಿಹಿ ಕ್ರೆಪ್ ಗೋಧಿ ಹಿಟ್ಟಿನದು, ಅದರಲ್ಲಿ ಮೊಟ್ಟೆ ಇದ್ದೇ ಇರುತ್ತದೆ.

ಹೊತ್ತು

ನಮ್ಮವರು ಎಡವುವುದು ಇಲ್ಲೇ. ಮಧ್ಯಾಹ್ನದ ಊಟ 12ರಿಂದ 2, ರಾತ್ರಿ ಊಟ 7 ಅಥವಾ 7.30ರ ಮೇಲೆ. ನಡುವೆ ಅಡುಗೆಮನೆ ಬಂದ್. ಎರಡು ಗಂಟೆಗೆ ಹೋಗಿ ‘ಏನಾದರೂ ಕೊಡಿ’ ಅಂದರೆ ಕೊಡುವುದಿಲ್ಲ, ಅದು ಕೊಬ್ಬಲ್ಲ, ಅಡುಗೆಯವನು ಒಲೆ ಆರಿಸಿ ತಾನೂ ಊಟಕ್ಕೆ ಕೂತಿರುತ್ತಾನೆ. ಮಧ್ಯಾಹ್ನ 12.30ಕ್ಕೇ ಹೋಗಿ ಕೂರಿ. ಶುಗರ್ ಇರುವವರು, ಹೊತ್ತಿಗೆ ಸರಿಯಾಗಿ ತಿಂದು ಮಾತ್ರೆ ನುಂಗಬೇಕಾದವರು ಇದನ್ನು ಮರೆಯಲೇಬಾರದು. ಸಂಜೆ ಹಸಿವಾದರೆ ಬೇಕರಿ ತೆರೆದಿರುತ್ತದೆ, ಚೀಲದಲ್ಲೊಂದು ಬಾಳೆಹಣ್ಣೂ ಇರಲಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ, ಆದ್ದರಿಂದ ಎಂಟು ಗಂಟೆ ಊಟ ತಡವಾಯಿತು ಅಂತ ಮೈಗೆ ಅನ್ನಿಸುವುದೂ ಇಲ್ಲ.

ಭಾನುವಾರ, ಸೋಮವಾರ ಬಹಳ ಹೋಟೆಲಿಗೆ ರಜ. ಆಗಸ್ಟ್‌ನಲ್ಲಿ ಎರಡು ಮೂರು ವಾರ ಬಾಗಿಲು ಹಾಕಿಕೊಂಡು ಮಾಲೀಕರೇ ಪ್ರವಾಸ ಹೋಗುತ್ತಾರೆ. ಮಳೆಗಾಲದಲ್ಲಿ ತೋಟದ ಕೆಲಸ ಕಮ್ಮಿ ಅಂತ ಆಗಸ್ಟ್‌ನಲ್ಲೇ ಟಿಕೆಟ್ ಮಾಡಿಸುವವರು ನಮ್ಮಲ್ಲಿ ಇದ್ದಾರೆ, ಅವರು ಯಾವ ಹೋಟೆಲು ತೆರೆದಿದೆ ಅಂತ ಮಕ್ಕಳ ಹತ್ತಿರ ಮೊದಲೇ ವಿಚಾರಿಸಿಕೊಳ್ಳಿ.

ಕೈಗಡಿಯಾರ ನೋಡುತ್ತಾ ಕೂರುವ ಊಟ ಇದಲ್ಲ. ಮಧ್ಯಾಹ್ನ ಒಂದು ಗಂಟೆಗೂ ಜಾಸ್ತಿ, ರಾತ್ರಿ ಎರಡು ಗಂಟೆ ಬಿಟ್ಟುಕೊಡಿ. ಮೊದಲು ಸಣ್ಣ ತಟ್ಟೆ, ಆಮೇಲೆ ಮುಖ್ಯ ಊಟ, ಚೀಸು, ಸಿಹಿ, ಹೀಗೆ ಒಂದಾದ ಮೇಲೊಂದು ಬಡಿಸುವ, ಎಲ್ಲರೂ ಒಟ್ಟಿಗೆ ಕೂತು ಮಾತಾಡುತ್ತಾ ತಿನ್ನುವ ಈ ಪದ್ಧತಿಯನ್ನೇ ಯುನೆಸ್ಕೋ 2010ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಡುವೆ ಸ್ವಲ್ಪ ಕಾಯಬೇಕಾದರೆ ಮರೆತರು ಅಂತ ತಿಳಿಯಬೇಡಿ.

ಚೀಟಿ

ಇದು ಮುಖ್ಯ, ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಹಿಂದಿನ ದಿನವೇ ಮಕ್ಕಳ ಕೈಲಿ ಫೋನ್ ಮಾಡಿಸಿ. ಎಷ್ಟು ಜನ, ಎಷ್ಟು ಹೊತ್ತಿಗೆ, ಯಾರು ಏನು ತಿನ್ನುವುದಿಲ್ಲ. ಚಿಕ್ಕ ಹೋಟೆಲಿನಲ್ಲಿ ಫೋನ್ ಎತ್ತುವುದು ಎಷ್ಟೋ ಸಲ ಮಾಲೀಕರೇ. ಮುಂಚೆ ಗೊತ್ತಾದರೆ ಅವರು ಸಂತೋಷವಾಗಿ ಏನಾದರೂ ಯೋಚಿಸಿ ಮಾಡುತ್ತಾರೆ. ಹೋಟೆಲು ತುಂಬಿರುವಾಗ ಹೇಳಿದರೆ ಒಂದು ಬಟ್ಟಲು ಸೊಪ್ಪು ಬರುತ್ತದೆ ಅಷ್ಟೇ, ಅದು ಅವರ ತಪ್ಪಲ್ಲ.

ಜೊತೆಗೆ ಒಂದು ಚೀಟಿ ಬರೆಸಿ ಪರ್ಸಿನಲ್ಲಿಟ್ಟುಕೊಳ್ಳಿ, ಫ್ರೆಂಚಿನಲ್ಲಿ, ದಪ್ಪ ಅಕ್ಷರದಲ್ಲಿ. ಸುಮ್ನೆ ‘ವೆಜಿಟೇರಿಯನ್’ ಅಂತ ಬರೆದರೆ ಸಾಲದು, ಮೀನು ತಿನ್ನಬಹುದು ಅಂದುಕೊಳ್ಳುವವರು ಅಲ್ಲಿ ಇದ್ದಾರೆ. ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ, ಮಾಂಸ ಬೇಯಿಸಿದ ನೀರು ಬೇಡ, ಹಂದಿಯ ಕೊಬ್ಬು ಬೇಡ, ಜೆಲಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಅಂಟು) ಬೇಡ ಅಂತ ಒಂದೊಂದಾಗಿ ಬರೆಸಿ. ಮೊಟ್ಟೆ ಆಗುತ್ತದಾ ಇಲ್ಲವಾ ಅನ್ನುವುದು ಬೇರೆ ಸಾಲು. ಹಾಲು, ಬೆಣ್ಣೆ, ಚೀಸ್ ಆಗುತ್ತದೆ ಅಂತಲೂ ಬರೆಯಿರಿ, ಏನು ಆಗುತ್ತದೆ ಅಂತ ಗೊತ್ತಾದರೆ ಅಡುಗೆಯವನಿಗೆ ದಾರಿ ಕಾಣುತ್ತದೆ. ಮಾಂಸ ತಿನ್ನುವವರಾದರೂ ದನದ್ದು ಬೇಡ, ಹಂದಿ ಬೇಡ ಅನ್ನುವವರು ನಮ್ಮಲ್ಲಿ ಬಹಳ. ಅದನ್ನೂ ಬರೆಸಿ: ‘ಬಫ್’ ಅಂದರೆ ದನ, ‘ವೋ’ ಅಂದರೆ ಕರು, ‘ಪೋರ್’ ಅಂದರೆ ಹಂದಿ. ಕರುವಿನ ಮಾಂಸವನ್ನು ಅಲ್ಲಿ ದನದ ಮಾಂಸಕ್ಕಿಂತ ಬೇರೆ ಅಂತಲೇ ಎಣಿಸುತ್ತಾರೆ, ಆದ್ದರಿಂದ ಎರಡನ್ನೂ ಬರೆಯಬೇಕು. ಸೋಮವಾರ, ಶನಿವಾರ ಮಾಂಸ ಮುಟ್ಟದವರು ಆ ದಿನಕ್ಕೆ ಸಸ್ಯಾಹಾರದ ಚೀಟಿಯನ್ನೇ ತೋರಿಸಿದರೆ ಆಯಿತು, ಕಾರಣ ಯಾರೂ ಕೇಳುವುದಿಲ್ಲ.

ಕಣ್ಣಿಗೆ ಕಾಣದೆ ಸೇರಿಕೊಳ್ಳುವುದು ಯಾವುದು ಅಂತ ಗೊತ್ತಿರಲಿ. ಲಾರ್ದೋಂ ಅಂತ ಹಂದಿಮಾಂಸದ ಸಣ್ಣ ಚೂರುಗಳು, ಸಲಾಡಿನಲ್ಲಿ, ಈರುಳ್ಳಿ ಟಾರ್ಟ್‌ನಲ್ಲಿ, ಕೀಶ್ ಲೊರೇನ್ ಅನ್ನುವ ಮೊಟ್ಟೆ-ಕ್ರೀಮಿನ ಟಾರ್ಟ್‌ನಲ್ಲಿ, ಆಲೂಗಡ್ಡೆ ತಾರ್ತಿಫ್ಲೆತ್‌ನಲ್ಲಿ, ಎಲ್ಲೆಲ್ಲೂ ಬರುತ್ತವೆ. ‘ಸಾಂ ಲಾರ್ದೋಂ’ ಅಂದರೆ ಅದಿಲ್ಲದೆ ಕೊಡಿ ಅಂತ. ಈರುಳ್ಳಿ ಸೂಪು ಹೆಸರಿಗೆ ಈರುಳ್ಳಿಯದು, ಸಾಮಾನ್ಯವಾಗಿ ದನದ ಮೂಳೆ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ತುಲೂಸ್ ಕಡೆಯ ಕಾಸುಲೆ ಬಿಳಿ ಬೀನ್ಸ್ ಕಾಳಿನದು, ಒಳಗೆ ಬಾತುಕೋಳಿ, ಹಂದಿ ಸಾಸೇಜು ಇರುತ್ತದೆ. ಆ ಕಡೆ ಆಲೂಗಡ್ಡೆಯನ್ನೂ ಬಾತುಕೋಳಿ ಕೊಬ್ಬಿನಲ್ಲಿ ಹುರಿಯುವುದುಂಟು, ಉತ್ತರದ ಊರುಗಳಲ್ಲಿ ಫ್ರೆಂಚ್ ಫ್ರೈಸನ್ನು ದನದ ಕೊಬ್ಬಿನಲ್ಲಿ ಕರಿಯುವುದುಂಟು. ನೀಸ್ ಸಲಾಡಿನಲ್ಲಿ ಟ್ಯೂನಾ, ಆಂಚೋವಿ ಮೀನು, ಮೊಟ್ಟೆ. ಇನ್ನು ಚೀಸ್: ಕೋಂತೆ, ರಾಕ್‌ಫೋರ್‌ನಂಥ ಹಳೇ ಪದ್ಧತಿಯ ಚೀಸ್‌ಗಳಿಗೆ ಹಾಲು ಒಡೆಸುವುದು ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನ್ನೆಟ್‌ನಿಂದ. ಕಟ್ಟುನಿಟ್ಟಾಗಿ ಇರುವವರು ಚೀಸ್ ಬಿಡಬೇಕಾಗುತ್ತದೆ. ತಿಂದ ಮೇಲೆ ಗೊತ್ತಾಗಿ ಸಂಕಟಪಡುವುದಕ್ಕಿಂತ ಮೊದಲೇ ಗೊತ್ತಿರುವುದು ಮೇಲು ಅಲ್ವಾ.

ಹಾಗಾದರೆ ತಿನ್ನುವುದೇನು? ಬೇಕಾದಷ್ಟಿದೆ. ದಕ್ಷಿಣದ ರಾತಾತುಯ್: ಬದನೆ, ಜುಕಿನಿ, ದೊಣ್ಣೆಮೆಣಸಿನಕಾಯಿ, ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ, ಆಲಿವ್ ಎಣ್ಣೆಯಲ್ಲಿ ನಿಧಾನಕ್ಕೆ ಬೆಂದದ್ದು. ಬದನೆಕಾಯಿ ಪ್ರಿಯರಿಗೆ ನಾನು ಕಣ್ಣುಮುಚ್ಚಿ ಹೇಳುವ ಐಟಂ ಅದು. ಗ್ರೆನೋಬಲ್ ಕಡೆಯ ಗ್ರಾತಾಂ ದೋಫಿನ್ವಾ: ತೆಳ್ಳಗೆ ಹೆಚ್ಚಿದ ಆಲೂಗಡ್ಡೆ, ಹಾಲು, ಕ್ರೀಮು, ಚೂರು ಬೆಳ್ಳುಳ್ಳಿ, ಒಲೆಯಲ್ಲಿ ಕೆಂಪಗೆ ಬೇಯಿಸಿದ್ದು. ನೀಸ್‌ನ ಸೊಕ್ಕಾ ಕಡಲೆಹಿಟ್ಟಿನದು, ಮೊಟ್ಟೆಯಿಲ್ಲ, ಹಾಲಿಲ್ಲ, ಮೇಲೆ ಕರಿಮೆಣಸಿನ ಪುಡಿ. ಬ್ರೆಡ್ ಮೇಲೆ ಆಡಿನ ಹಾಲಿನ ಚೀಸ್ ಬಿಸಿ ಮಾಡಿ ಸೊಪ್ಪಿನ ಜೊತೆ ಕೊಡುವ ಸಲಾಡ್ ಬಹಳ ಬಿಸ್ತ್ರೋಗಳಲ್ಲಿ ಇರುತ್ತದೆ, ಜೇನು ಹಾಕಿದರೆ ಇನ್ನೂ ರುಚಿ. ಮೊಟ್ಟೆ ತಿನ್ನುವವರಿಗೆ ಅಣಬೆ ಆಮ್ಲೆಟ್ ಇದ್ದೇ ಇದೆ. ಆಮ್ಲೆಟ್ ಒಳಗೆ ಸ್ವಲ್ಪ ಹಸಿಹಸಿ ಬಿಡುತ್ತಾರೆ, ಬೇಡದವರು ‘ಬ್ಯಾಂ ಕ್ವಿ’ ಅನ್ನಿ, ಚೆನ್ನಾಗಿ ಬೇಯಿಸಿ ಅಂತ.

ಮಾಂಸ ತಿನ್ನುವವರಿಗೂ ಇದೇ ಮಾತು ಬೇಕಾಗುತ್ತದೆ. ಅವರ ಪ್ರಕಾರ ಬೆಂದದ್ದು ನಮ್ಮ ಲೆಕ್ಕದಲ್ಲಿ ಅರೆಬೆಂದದ್ದು. ಬಾತುಕೋಳಿ ಎದೆ, ಕುರಿಮಾಂಸ ಒಳಗೆ ಕೆಂಪಗೇ ಬರುತ್ತದೆ. ತಾರ್ತಾರ್ ಅಂತ ಇದ್ದರೆ ಅದು ಪೂರ್ತಿ ಹಸಿ. ನಮ್ಮ ಬಾಯಿಗೆ ಸುಲಭವಾಗಿ ಹೊಂದುವುದು ಹುರಿದ ಕೋಳಿ, ಕೋನ್ಫಿ ದ ಕನಾರ್. ಈ ಕೋನ್ಫಿ ಬಾತುಕೋಳಿ ಕಾಲನ್ನು ಅದರದೇ ಕೊಬ್ಬಿನಲ್ಲಿ ಗಂಟೆಗಟ್ಟಲೆ ಬೇಯಿಸಿದ್ದು, ಮೂಳೆಯಿಂದ ತಾನೇ ಬಿಟ್ಟು ಬರುತ್ತದೆ. ಖಾರ ಇಲ್ಲ ಅನ್ನಿಸಿದರೆ ಮಸ್ಟರ್ಡ್ ಕೇಳಿ. ದಿಜೋನ್ ಸಾಸಿವೆ ಮೂಗಿಗೆ ಹತ್ತುತ್ತದೆ, ಅಲ್ಲಿಯ ಮಾಂಸಕ್ಕೆ ಅದೇ ಸರಿಯಾದ ಜೊತೆ. ಚೀಲದಿಂದ ಉಪ್ಪಿನಕಾಯಿ ಬಾಟಲಿ ತೆಗೆಯುವುದು ಮಾತ್ರ ಬೇಡ. ಒಂದು ಹೊತ್ತು ಅವರ ರುಚಿಯನ್ನು ಅವರ ಹಾಗೇ ತಿಂದು ನೋಡಿ.

ಬಾಗಿಲಲ್ಲಿ, ಟೇಬಲ್ಲಿನಲ್ಲಿ

ಒಳಗೆ ಕಾಲಿಟ್ಟ ತಕ್ಷಣ ‘ಬೋಂಜೂರ್’ ಅನ್ನಿ. ಸಂಜೆಯಾದರೆ ‘ಬೋಂಸ್ವಾರ್’. ಇದನ್ನು ಹೇಳದೆ ಸೀದಾ ಹೋಗಿ ಕೂತರೆ ಅಥವಾ ನೇರ ಇಂಗ್ಲಿಷಿನಲ್ಲಿ ಕೇಳಲು ಶುರುಮಾಡಿದರೆ ಅವರಿಗೆ ಬಹಳ ಬೇಸರವಾಗುತ್ತದೆ. ಒಮ್ಮೆ ಬೋಂಜೂರ್ ಅಂದ ಮೇಲೆ ಮಿಕ್ಕಿದ್ದು ಇಂಗ್ಲಿಷಾದರೂ, ಕೈಸನ್ನೆಯಾದರೂ ನಡೆಯುತ್ತದೆ. ಖಾಲಿ ಟೇಬಲ್ ಕಂಡಿತು ಅಂತ ಕೂರಬೇಡಿ, ಅವರು ತೋರಿಸಿದಲ್ಲಿ ಕೂರಿ. ಕರೆಯಬೇಕಾದರೆ ಚಿಟಿಕೆ ಹೊಡೆಯುವುದು, ‘ಹಲೋ’ ಅಂತ ಕೂಗುವುದು ಬೇಡ. ಅವರ ಕಣ್ಣಿಗೆ ಕಣ್ಣು ಸೇರಿದಾಗ ‘ಸಿಲ್ ವು ಪ್ಲೇ’ ಅನ್ನಿ. ಏನು ಬೇಕು ಅಂತ ತೀರ್ಮಾನವಾದ ಮೇಲೆ ಮೆನು ಮುಚ್ಚಿಡಿ, ಅದನ್ನು ನೋಡಿಯೇ ಅವರು ಬರುತ್ತಾರೆ. ಎಲ್ಲರ ಆರ್ಡರ್ ಒಟ್ಟಿಗೇ ಕೊಡಿ, ಅಡುಗೆಮನೆಯಿಂದ ಎಲ್ಲರ ತಟ್ಟೆಯೂ ಒಟ್ಟಿಗೇ ಬರುತ್ತದೆ.

ಮಧ್ಯಾಹ್ನ ‘ಫಾರ್ಮುಲ್’ ತಗೊಳ್ಳಿ. ಮೊದಲ ತಟ್ಟೆ ಮತ್ತು ಮುಖ್ಯ ಊಟ, ಇಲ್ಲವೇ ಮುಖ್ಯ ಊಟ ಮತ್ತು ಸಿಹಿ, ಎರಡೂ ಸೇರಿ ಒಂದೇ ಬೆಲೆ, ಸಾಮಾನ್ಯವಾಗಿ 15ರಿಂದ 25 ಯೂರೋ ಒಳಗೆ. ಅದೇ ಅಡುಗೆಯವನು, ಅದೇ ಅಡುಗೆಮನೆ, ರಾತ್ರಿಗೆ ಹೋದರೆ ಬೆಲೆ ಜಾಸ್ತಿ. ಆಂತ್ರೇ ಅಂತ ಇರುವುದು ಮೊದಲ ಸಣ್ಣ ತಟ್ಟೆ, ಪ್ಲಾ ಅಂತ ಇರುವುದು ಮುಖ್ಯ ಊಟ, ಪ್ಲಾ ದ್ಯು ಜೂರ್ ಆವತ್ತಿನ ವಿಶೇಷ.

ನೀರಿಗೆ ‘ಯೂನ್ ಕರಾಫ್ ದೋ’ ಅಂತ ಕೇಳಿ. ನಲ್ಲಿ ನೀರನ್ನು ಹೂಜಿಯಲ್ಲಿ ತಂದಿಡುತ್ತಾರೆ, ದುಡ್ಡಿಲ್ಲ, ಕುಡಿಯಲು ಒಳ್ಳೆಯದೇ. ಸುಮ್ನೆ ‘ವಾಟರ್’ ಅಂದರೆ ಬಾಟಲಿ ಬರಬಹುದು, ಅದಕ್ಕೆ ಬಿಲ್ ಇದೆ. ನೀರು ಪುಕ್ಕಟೆ ಸಿಗುತ್ತದೆ ಅಂತ ಮೆನುವಿನಲ್ಲೋ ಬೋರ್ಡಿನಲ್ಲೋ ತಿಳಿಸಬೇಕು ಅನ್ನುವ ಕಾನೂನು 2022ರಿಂದ ಇದೆ, ಸಂಕೋಚ ಬೇಡ. ಬ್ರೆಡ್ ಬುಟ್ಟಿಯೂ ಪುಕ್ಕಟೆ, ಖಾಲಿಯಾದರೆ ಇನ್ನೊಂದು ಕೇಳಬಹುದು. ಬ್ರೆಡ್ಡಿಗೆ ಬೇರೆ ತಟ್ಟೆ ಇರುವುದಿಲ್ಲ, ಟೇಬಲ್ ಮೇಲೇ ಇಟ್ಟುಕೊಂಡು ಕೈಯಿಂದ ಮುರಿದು ತಿನ್ನುತ್ತಾರೆ. ವೈನ್ ಕುಡಿಯಲೇಬೇಕು ಅಂತ ಏನಿಲ್ಲ, ಬೇಡ ಅಂದರೆ ಯಾರೂ ಒತ್ತಾಯಿಸುವುದಿಲ್ಲ.

ಚಾಕು, ಫೋರ್ಕ್ ಅಭ್ಯಾಸವಿಲ್ಲ ಅಂತ ಹಿಂಜರಿಯಬೇಡಿ. ನಿಧಾನಕ್ಕೆ ತಿನ್ನಿ, ಎರಡೂ ಕೈ ಟೇಬಲ್ ಮೇಲೆ ಕಾಣುವ ಹಾಗೆ ಇರಲಿ, ಕೆಳಗೆ ತೊಡೆ ಮೇಲೆ ಇಟ್ಟುಕೊಳ್ಳುವುದು ಅಲ್ಲಿ ಪದ್ಧತಿಯಲ್ಲ. ತಿಂದಾದ ಮೇಲೆ ಚಾಕು ಫೋರ್ಕ್ ಎರಡನ್ನೂ ತಟ್ಟೆಯಲ್ಲಿ ಪಕ್ಕಪಕ್ಕ ಇಡಿ, ಮುಗಿಯಿತು ಅಂತ ಗೊತ್ತಾಗುತ್ತದೆ.

ಸಿಹಿ, ಕಾಫಿ

ಮೊಟ್ಟೆ ತಿನ್ನದವರಿಗೆ ಸಿಹಿ ಕಷ್ಟ. ಕ್ರೆಮ್ ಬ್ರೂಲೆ, ಚಾಕೊಲೇಟ್ ಮೂಸ್, ಕ್ರೆಮ್ ಕ್ಯಾರಮೆಲ್ ಎಲ್ಲದರಲ್ಲೂ ಮೊಟ್ಟೆ. ಪಾನಾ ಕೋತಾ ಅನ್ನುವ ಕ್ರೀಮಿನ ಸಿಹಿಯಲ್ಲಿ ಜೆಲಟಿನ್. ಹಣ್ಣಿನ ಸೊರ್ಬೆ (ಹಾಲಿಲ್ಲದ ಐಸ್‌ಕ್ರೀಮ್ ಥರದ್ದು) ಕೇಳಿ, ಅಥವಾ ತಾರ್ತ್ ತಾತಾಂ ಅನ್ನುವ ಸೇಬಿನ ಸಿಹಿ ಇದ್ದರೆ ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಕೇಳಿ ನೋಡಿ. ಸೇಬು, ಬೆಣ್ಣೆ, ಸಕ್ಕರೆ ಕಂದಿಸಿ ಮಾಡಿದ ಅದು ಬಿಸಿಬಿಸಿ ಇದ್ದಾಗ ತಿನ್ನಬೇಕು.

ಕಾಫಿ ವಿಷಯ ನಮ್ಮೂರಿನವರಿಗೆ ಹೇಳಲೇಬೇಕು. ಅಲ್ಲಿ ಕಾಫಿ ಬರುವುದು ಸಿಹಿಯೂ ಮುಗಿದ ಮೇಲೆ, ಊಟದ ಜೊತೆಗಲ್ಲ. ‘ಅನ್ ಕಫೆ’ ಅಂದರೆ ಚಿಕ್ಕ ಲೋಟದಲ್ಲಿ ಕಪ್ಪು ಎಸ್ಪ್ರೆಸೊ. ಒಂದು ಚೂರು ಹಾಲು ಬೇಕೆಂದರೆ ‘ನ್ವಾಜೆತ್’, ಜಾಸ್ತಿ ಹಾಲು ಬೇಕೆಂದರೆ ‘ಕಫೆ ಕ್ರೆಮ್’. ಬಿಸ್ತ್ರೋದ ಕಾಫಿ ಬಗ್ಗೆ ದೊಡ್ಡ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಆಫ್ರಿಕಾದ ತಮ್ಮ ವಸಾಹತುಗಳಿಂದ ಬಹಳ ಕಾಲ ರೊಬಸ್ಟಾ ತರಿಸಿಕೊಂಡ ದೇಶ, ಕಪ್ಪಗೆ ಹುರಿಯುವುದು ಹಳೇ ರೂಢಿ, ಸುಟ್ಟ ಕಹಿ ಎದ್ದು ಕಾಣುತ್ತದೆ. ಅರೇಬಿಕಾ ಬೆಳೆಯುವವರಿಗೆ ಮೊದಲ ಗುಟುಕಿಗೇ ಗೊತ್ತಾಗುತ್ತದೆ. ನಾವು ಪುಡಿಗೆ ಬೆರೆಸುವ ಚಿಕೋರಿಯ ರೂಢಿ ಹರಡಿದ್ದೂ ಆ ದೇಶದಲ್ಲೇ: 1806ರಲ್ಲಿ ನೆಪೋಲಿಯನ್ ಬ್ರಿಟನ್ ಜೊತೆಗಿನ ವ್ಯಾಪಾರ ನಿಲ್ಲಿಸಿದಾಗ ಕಾಫಿಗೆ ಬರ ಬಂತು, ಜನ ಚಿಕೋರಿ ಬೇರು ಹುರಿದು ಕುಡಿದರು. ಉತ್ತರ ಫ್ರಾನ್ಸಿನಲ್ಲಿ ಈಗಲೂ ಕುಡಿಯುತ್ತಾರೆ. ಒಂದೇ ಹೋಟೆಲಿಗೆ ಮತ್ತೆ ಮತ್ತೆ ಹೋಗಿ ಪರಿಚಯವಾದರೆ ಮಾಲೀಕರಿಗೆ ನಿಮ್ಮ ತೋಟದ ಕಾಫಿ ಕೊಡಿ, ಬಹಳ ಖುಷಿಪಡುತ್ತಾರೆ. ಫಿಲ್ಟರ್ ಪುಡಿ ಕೊಟ್ಟರೆ ಅವರ ಮೆಷಿನ್ನಿಗೆ ಆಗುವುದಿಲ್ಲ, ಹುರಿದ ಬೀಜ ಕೊಡಿ, ಚಿಕೋರಿ ಇಲ್ಲದ್ದು.

ಬಿಲ್ಲು

ಕೇಳದೆ ಬಿಲ್ ತರುವುದಿಲ್ಲ. ನಿಮ್ಮನ್ನು ಎಬ್ಬಿಸಿದ ಹಾಗಾಗುತ್ತದೆ ಅನ್ನುವುದು ಅವರ ಲೆಕ್ಕ. ‘ಲಾದಿಸ್ಯೋಂ, ಸಿಲ್ ವು ಪ್ಲೇ’ ಅನ್ನಿ. ಟ್ಯಾಕ್ಸು, ಸರ್ವಿಸು ಎಲ್ಲ ಮೆನುವಿನ ಬೆಲೆಯಲ್ಲೇ ಸೇರಿರುತ್ತದೆ, ಅದು ಕಾನೂನು. ಟಿಪ್ಸ್ ಕೊಡಲೇಬೇಕು ಅಂತಿಲ್ಲ, ಚೀಟಿ ನೋಡಿ ಅಕ್ಕರೆಯಿಂದ ಅಡುಗೆ ಮಾಡಿಕೊಟ್ಟಿದ್ದರೆ ಎರಡು ಮೂರು ಯೂರೋ ನಾಣ್ಯ ಟೇಬಲ್ ಮೇಲೆ ಬಿಟ್ಟು ಬನ್ನಿ. ಊಟ ಮಿಕ್ಕಿದ್ದರೆ ಕಟ್ಟಿಸಿಕೊಳ್ಳಲು ನಾಚಿಕೆ ಬೇಡ. ಗಿರಾಕಿ ಕೇಳಿದರೆ ಡಬ್ಬಿ ಕೊಡಲೇಬೇಕು ಅಂತ 2021ರ ಜುಲೈಯಿಂದ ನಿಯಮವಿದೆ. ಚೆನ್ನಾಗಿತ್ತು ಅನ್ನಿಸಿದರೆ ಮುಂದಿನ ವಾರಕ್ಕೂ ಟೇಬಲ್ ಬೇಕು ಅಂತ ಅಲ್ಲೇ ಕೌಂಟರಿನಲ್ಲಿ ಹೇಳಿ ಬರೆಸಿ, ಚೀಟಿಯ ಒಂದು ಪ್ರತಿಯನ್ನೂ ಅವರ ಹತ್ತಿರವೇ ಕೊಟ್ಟುಬನ್ನಿ.